ಸಹಾಯ ಬೇಕು: ವಯಸ್ಸಾಯ್ತು ಅಂತ ಐಟಿಐಯಲ್ಲಿ ಹಿಂದೆ ತಳ್ಳುತ್ತಿದ್ದಾರೆ, ದೂರು ಹೇಗೆ ಬರೆಯಲಿ?

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ. ಬಾಗಲಕೋಟೆ ಜಿಲ್ಲೆಯ ಒಂದು ಸರ್ಕಾರಿ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್, ಎರಡನೇ ವರ್ಷ. ಮುಧೋಳ ಕಡೆ ಕಬ್ಬಿನ ಹೊಲಗಳ ಪಂಪ್‌ಸೆಟ್ ಮೋಟಾರು ಸುಟ್ಟರೆ ವೈಂಡಿಂಗ್ ಮಾಡಿಕೊಟ್ಟೇ ಇಷ್ಟು ದಿನ ಸಂಸಾರ ನಡೆಸಿದವನು. ಕೆಲಸ ಗೊತ್ತು, ಸರ್ಟಿಫಿಕೇಟ್ ಇಲ್ಲ. ಅದಕ್ಕೇ ಸೇರಿದ್ದು.

ಪ್ರಾಕ್ಟಿಕಲ್‌ನಲ್ಲಿ ನನ್ನ ಪಾಳಿ ಬಂದರೆ ಸಾಕು, "ಕಾಕಾ, ನೀವು ಹಿಂದ ನಿಂದರ್ರಿ, ಹುಡುಗೂರು ಕಲೀಲಿ" ಅಂತಾರೆ ಸರ್. ಮೊನ್ನೆ ಹುಡುಗರು ಸ್ಟಾರ್ಟರ್ ಜೋಡಿಸುವಾಗ ಎರಡು ಫೇಸ್ ಅದಲುಬದಲಾಗಿ ಮೋಟಾರು ಉಲ್ಟಾ ತಿರುಗಿತು. ಸರಿಮಾಡಿದ್ದು ನಾನೇ. ಆದರೂ ನನ್ನ ರೆಕಾರ್ಡ್ ಪುಸ್ತಕಕ್ಕೆ ಸಹಿ ಬೀಳಲಿಲ್ಲ! ಕ್ಯಾಂಪಸ್ ಇಂಟರ್‌ವ್ಯೂ ಪಟ್ಟಿಯಿಂದಲೂ ಹೆಸರು ಬಿಟ್ಟಿದ್ದಾರೆ.

ಐಟಿಐ ಪ್ರವೇಶಕ್ಕೆ ಕನಿಷ್ಠ ವಯಸ್ಸು 14, ಗರಿಷ್ಠ ಮಿತಿ ಇಲ್ಲ. ಸೇರಿಸಿಕೊಂಡ ಮೇಲೆ ಹೀಗೆ ಮಾಡಬಹುದಾ? ಸಂವಿಧಾನದ 15ನೇ ವಿಧಿಯಲ್ಲಿ ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳ ಎಲ್ಲಾ ಇವೆ, ವಯಸ್ಸು ಮಾತ್ರ ಇಲ್ಲ. ಹಾಗಾದ್ರೆ 14ನೇ ವಿಧಿಯ ಸಮಾನತೆ ಹಿಡಿದು ಬರೆಯಬೇಕಾ? ವಕೀಲರು ಯಾರಾದರೂ ಇದ್ದರೆ ಹೇಳಿ.

ಆರ್‌ಟಿಐ ಹಾಕಿದರೆ 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಅಷ್ಟರಲ್ಲಿ ಪರೀಕ್ಷೆ ಬಂದೇಬಿಡುತ್ತೆ. ಮೊದಲು ಪ್ರಾಂಶುಪಾಲರಿಗೆ ಲಿಖಿತ ಅರ್ಜಿ ಕೊಡಲಾ, ಅಥವಾ ಸೀದಾ ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಫೋನ್ ಮಾಡಲಾ? ಇಂಟರ್ನಲ್ ಅಂಕ ಅದೇ ಸರ್ ಕೈಯಲ್ಲಿವೆ, ಹೆದರಿಕೆ ಅದೊಂದೇ.

ವಯಸ್ಸಾದ ಮೇಲೆ ಐಟಿಐ ಮುಗಿಸಿದವರು ಇದ್ದರೆ, ಅರ್ಜಿ ನಮೂನೆ ಇದ್ದರೆ ಇನ್‌ಬಾಕ್ಸ್‌ಗೆ ಕಳಿಸಿ, ಪ್ಲೀಸ್.