ಮಂಡಿ ನೋವಿನ ಅಮ್ಮನಿಗೆ ಡಿಸ್ನಿ ವರ್ಲ್ಡ್‌ನಲ್ಲಿ ಬಾಡಿಗೆ ಸ್ಕೂಟರ್ ಕೊಡಬಹುದಾ?

ಪ್ರಶ್ನೆ:
ಮೇಡಂ, ನಮಸ್ಕಾರ. ನಾವಿರೋದು ಅಟ್ಲಾಂಟಾದಲ್ಲಿ. ದಾವಣಗೆರೆಯಿಂದ ಅಮ್ಮ ಬಂದಿದ್ದಾಳೆ, 68 ವರ್ಷ, ಎರಡೂ ಮಂಡಿ ಸವೆದಿವೆ. ಮನೆಯೊಳಗೆ ಆರಾಮಾಗಿ ಓಡಾಡುತ್ತಾಳೆ. ಅಂಗಡಿಗೆ ಹೋದರೆ ಕಾಲು ಗಂಟೆಗೇ ಕೂರಲು ಜಾಗ ಹುಡುಕುತ್ತಾಳೆ. ಜುಲೈನಲ್ಲಿ ಮಕ್ಕಳ ಜೊತೆ ಒರ್ಲಾಂಡೊದ ಡಿಸ್ನಿ ವರ್ಲ್ಡ್‌ಗೆ ಮೂರು ದಿನ ಹೊರಟಿದ್ದೇವೆ. ಕೂತು ಓಡಿಸುವ ಬ್ಯಾಟರಿ ಸ್ಕೂಟರ್ ಅಲ್ಲಿ ಬಾಡಿಗೆಗೆ ಸಿಗುತ್ತದಂತೆ. ಅಮ್ಮನ ಕೈಗೆ ಕೊಡಬಹುದಾ? ಸೈಕಲ್ ಕೂಡ ತುಳಿದವಳಲ್ಲ. ಜೊತೆಗೆ "ನಾನೇನು ಕಾಲಿಲ್ಲದವಳಾ?" ಅಂತ ಮುನಿಸು ಬೇರೆ. ಗಾಲಿಕುರ್ಚಿ ತಗೊಂಡು ನಾವೇ ತಳ್ಳೋದು ವಾಸಿನಾ?

ಫಿಸಿಯೋಥೆರಪಿಸ್ಟ್:
ಕೊಡಬಹುದು. ಆದರೆ ಮಂಡಿ ನೋಡಿ ತೀರ್ಮಾನ ಮಾಡಬೇಡಿ. ಸ್ಕೂಟರ್ ಓಡಿಸೋಕೆ ಮಂಡಿ ಬೇಕಿಲ್ಲ, ಕಣ್ಣು ಮತ್ತು ಕೈ ಬೇಕು. ಕಣ್ಣಲ್ಲಿ ಪೊರೆ ಇದೆಯಾ? ಪಕ್ಕದಿಂದ ಓಡಿ ಬರುವ ಮಗು ಅವರಿಗೆ ಕಾಣುತ್ತದಾ? ತಲೆಸುತ್ತು, ಪದೇ ಪದೇ ಶುಗರ್ ಇಳಿಯೋದು, ಮಂಪರು ಬರಿಸುವ ಮಾತ್ರೆ ಏನಾದರೂ ಇದೆಯಾ? ಇದರಲ್ಲಿ ಒಂದಿದ್ದರೂ ಗಾಲಿಕುರ್ಚಿಯೇ ಸರಿ. ಏನೂ ಇಲ್ಲ ಅಂದರೆ ಸ್ಕೂಟರ್. ಆ ಬಿಸಿಲಲ್ಲಿ ಏರು ಬಂದಾಗಲೆಲ್ಲ ಕುರ್ಚಿ ತಳ್ಳೋದು ಸುಲಭವಲ್ಲ. ಡಿಸ್ನಿ ವರ್ಲ್ಡ್‌ನ ಪಾರ್ಕುಗಳಲ್ಲಿ ಒಂದಾದ ಎಪ್ಕಾಟ್‌ನಲ್ಲಿ ಕೆರೆಯ ಸುತ್ತಿನ ದಾರಿಯೇ ಸುಮಾರು 2 ಕಿಲೋಮೀಟರ್.

ಈ ವಾರವೇ ಒಂದು ಕೆಲಸ ಮಾಡಿ. ನಿಮ್ಮಲ್ಲಿನ ದೊಡ್ಡ ಸೂಪರ್‌ಮಾರ್ಕೆಟ್‌ಗಳ ಬಾಗಿಲಲ್ಲಿ ನಡೆಯಲಾಗದವರಿಗೆ ಅಂತ ಬ್ಯಾಟರಿ ಗಾಡಿ ಇಟ್ಟಿರುತ್ತಾರೆ, ಬಾಡಿಗೆ ಇಲ್ಲ. ಜನ ಕಡಿಮೆ ಇರುವ ಹೊತ್ತಿನಲ್ಲಿ ಅರ್ಧ ಗಂಟೆ ಓಡಿಸಲಿ. ಹಿಡಿಕೆಯ ಲಿವರ್ ಒತ್ತಿದರೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಹೊಸಬರು ಎಡವೋದು ಇಲ್ಲೇ. ಗಾಬರಿಯಾದಾಗ ಕೈ ಬಿಡುವ ಬದಲು ಇನ್ನೂ ಗಟ್ಟಿಯಾಗಿ ಹಿಡಿಯುತ್ತಾರೆ, ಗಾಡಿ ಮುನ್ನುಗ್ಗುತ್ತದೆ. "ಹೆದರಿಕೆ ಆಯ್ತಾ, ಕೈ ಬಿಡು" ಅಂತ ಹತ್ತು ಸಲ ಮಾಡಿಸಿ. ಬಾಡಿಗೆ ಗಾಡಿಗಳಲ್ಲಿ ವೇಗದ ಗುಂಡಿಯ ಒಂದು ಕಡೆ ಆಮೆ, ಇನ್ನೊಂದು ಕಡೆ ಮೊಲದ ಚಿತ್ರ ಇರುತ್ತದೆ. ಮೂರು ದಿನವೂ ಆಮೆಯ ಕಡೆಗೇ ಇರಲಿ.

ಸೀರೆ ಉಡುತ್ತಾರಾ? ಸೆರಗು ಗಾಲಿಗೆ ಸುತ್ತಿಕೊಳ್ಳಬಹುದು. ಚೂಡಿದಾರ್ ಒಳ್ಳೆಯದು. ಒಪ್ಪದಿದ್ದರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಪಿನ್ ಹಾಕಿ. ಮತ್ತೆ, ದಿನವಿಡೀ ಕೂತರೆ ಮಂಡಿ ಬಿಗಿಯುತ್ತದೆ. ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ಹಾಕಲಿ. ಅಮ್ಮನಿಗೂ ಹೀಗೇ ಹೇಳಿ: ನಡೆಯೋದು ಬಿಡೋಕಲ್ಲ ಈ ಗಾಡಿ, ಮೊಮ್ಮಕ್ಕಳ ಜೊತೆ ನಡೆಯೋಕೆ ಕಾಲು ಉಳಿಸಿಕೊಳ್ಳೋಕೆ.

ಇನ್ನೊಬ್ಬ ಸದಸ್ಯರು:
ಪಾರ್ಕಿನಲ್ಲೇ ತಗೋಬೇಕಾ, ಹೊರಗಿನಿಂದಲಾ? ಸ್ಕೂಟರ್ ಇದ್ದರೆ ಕ್ಯೂ ತಪ್ಪುತ್ತೆ ಅಂತಾರಲ್ಲ?

ಫಿಸಿಯೋಥೆರಪಿಸ್ಟ್:
ಕ್ಯೂ ತಪ್ಪಲ್ಲ. ಹೆಚ್ಚಿನ ಸಾಲುಗಳು ಸ್ಕೂಟರ್ ಹೋಗುವಷ್ಟು ಅಗಲ ಇರುತ್ತವೆ, ಎಲ್ಲರ ಜೊತೆಯೇ ಹೋಗಬೇಕು.

ಪಾರ್ಕಿನ ಗಾಡಿ ಮೊದಲು ಬಂದವರಿಗೆ, ಮುಂಗಡ ಕಾದಿರಿಸೋಕೆ ಆಗಲ್ಲ. ಅದನ್ನು ಪಾರ್ಕಿನಿಂದ ಹೊರಗೆ ಒಯ್ಯುವ ಹಾಗೂ ಇಲ್ಲ. ಅಲ್ಲಿನ ಮ್ಯಾಜಿಕ್ ಕಿಂಗ್ಡಮ್ ಪಾರ್ಕಿಗೆ ಹೋಗೋಕೆ ಕಾರು ನಿಲ್ಲಿಸಿದ ಮೇಲೆ ಮೋನೊರೈಲ್ ಅಥವಾ ದೋಣಿ ಹಿಡಿದು ಬಾಗಿಲಿಗೆ ಹೋಗಬೇಕು. ಅಲ್ಲಿಯವರೆಗೆ ಅಮ್ಮ ನಡೆಯಲೇಬೇಕಲ್ವಾ? ಅದಕ್ಕೇ ನಾನಾದರೆ ಹೋಟೆಲಿಗೇ ತಂದುಕೊಡುವ ಹೊರಗಿನವರ ಹತ್ತಿರ ತಗೋತೀನಿ. ರಾತ್ರಿ ಮರೆಯದೆ ಚಾರ್ಜ್‌ಗೆ ಹಾಕಬೇಕು, ಅಷ್ಟೇ. ಡಿಸ್ನಿ ಬಸ್ಸುಗಳಿಗೆ ಇಳಿಜಾರು ಹಲಗೆ ಇದೆ, ಚಾಲಕರೇ ಗಾಡಿಗೆ ಪಟ್ಟಿ ಬಿಗಿಯುತ್ತಾರೆ. ಅಮ್ಮ ಮಾತ್ರ ಇಳಿದು ಬಸ್ಸಿನ ಸೀಟಿನಲ್ಲಿ ಕೂರಲಿ.

ಎಲ್ಲ ರೈಡ್‌ಗೂ ಸ್ಕೂಟರ್ ಹೋಗಲ್ಲ. ಅನಿಮಲ್ ಕಿಂಗ್ಡಮ್ ಪಾರ್ಕಿನ ಕಿಲಿಮಂಜಾರೊ ಸಫಾರಿಗೆ ನಡೆದು ಹತ್ತಬೇಕು, ಇಲ್ಲವೇ ಗಾಲಿಕುರ್ಚಿಗೆ ಬದಲಾಯಿಸಬೇಕು. ಪೀಟರ್ ಪ್ಯಾನ್ ರೈಡ್‌ನಲ್ಲಿ ಚಲಿಸುವ ಪಟ್ಟಿಯ ಮೇಲೆ ನಡೆದೇ ಹತ್ತಬೇಕು, ಮಂಡಿ ನೋವಿನವರು ಅದನ್ನು ಬಿಟ್ಟರೆ ನಷ್ಟವಿಲ್ಲ. ಮ್ಯಾಜಿಕ್ ಕಿಂಗ್ಡಮ್‌ನ ಮುಖ್ಯ ಬೀದಿಯಲ್ಲಿ ಕುದುರೆ ಟ್ರಾಮಿನ ಹಳಿ ಇದೆ. ಓರೆಯಾಗಿ ದಾಟಿದರೆ ಮುಂದಿನ ಗಾಲಿ ಸಿಕ್ಕಿಹಾಕಿಕೊಳ್ಳುತ್ತದೆ. ನೇರ ಅಡ್ಡಲಾಗಿ ದಾಟಿಸಿ.

ಪ್ರಶ್ನೆ ಕೇಳಿದವರು:
ಮೇಡಂ, ಭಾನುವಾರ ಬೆಳಿಗ್ಗೆ ಅಮ್ಮನನ್ನು ಸೂಪರ್‌ಮಾರ್ಕೆಟ್‌ಗೆ ಕರೆದುಕೊಂಡು ಹೋಗಿದ್ದೆ. ಮೊದಲು ಹತ್ತು ನಿಮಿಷ ನನ್ನ ತೋಳು ಬಿಡಲಿಲ್ಲ. ಆಮೇಲೆ ಟೊಮೆಟೊ ರಾಶಿಗೆ ಮೆಲ್ಲಗೆ ತಾಗಿಸಿದಳು, ನಾಲ್ಕು ಉರುಳಿದವು. ತಾನೇ ಇಳಿದು ಆರಿಸಿ ಇಟ್ಟು ಮತ್ತೆ ಹತ್ತಿದಳು! ಈಗ "ಅಲ್ಲಿಯ ಗಾಡಿಗೂ ಹೀಗೇ ಬುಟ್ಟಿ ಇರ್ತದಾ?" ಅಂತ ಕೇಳ್ತಿದ್ದಾಳೆ.

ಫಿಸಿಯೋಥೆರಪಿಸ್ಟ್:
ಇರುತ್ತದೆ. ಆದರೆ ಮೊಮ್ಮಗನನ್ನು ತೊಡೆ ಮೇಲೆ ಕೂರಿಸಿಕೊಳ್ಳುವ ಹಾಗಿಲ್ಲ, ಒಬ್ಬರೇ ಕೂರಬೇಕು ಅನ್ನೋದು ನಿಯಮ. ಈಗಲೇ ಹೇಳಿಬಿಡಿ, ಅಲ್ಲಿ ಹೋಗಿ ಜಗಳ ಬೇಡ. ಜುಲೈ ಅಂದರೆ ಮಧ್ಯಾಹ್ನದ ಮೇಲೆ ಗುಡುಗು ಮಳೆ ಜಾಸ್ತಿ. ಬುಟ್ಟಿಯಲ್ಲಿ ಒಂದು ದೊಡ್ಡ ಪ್ಲಾಸ್ಟಿಕ್ ಚೀಲ ಇಟ್ಟಿರಿ. ಅಮ್ಮನಿಗಲ್ಲ, ಹಿಡಿಕೆಯ ಸ್ವಿಚ್‌ಗಳಿಗೆ ಮುಚ್ಚೋಕೆ.