ಇಥಾಕಾನಾ, ಹ್ಯಾನೋವರಾ? ಅಪ್ಪ-ಅಮ್ಮನ ಜೊತೆ ಎರಡು ರಾತ್ರಿಗೆ ಯಾವ ಊರು?

ಎಡಿಸನ್‌ವಾಸಿ: ಮೈಸೂರಿನಿಂದ ಅಪ್ಪ-ಅಮ್ಮ ಬಂದಿದ್ದಾರೆ. ಅಕ್ಟೋಬರ್ ಎರಡನೇ ವಾರಾಂತ್ಯ, ನ್ಯೂಜೆರ್ಸಿಯ ಎಡಿಸನ್‌ನಿಂದ ಕಾರಲ್ಲಿ ಹೊರಡೋದು. ನ್ಯೂಯಾರ್ಕ್ ರಾಜ್ಯದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯ ಇರುವ ಇಥಾಕಾ, ಇಲ್ಲವೇ ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಡಾರ್ಟ್‌ಮತ್ ಕಾಲೇಜು ಇರುವ ಹ್ಯಾನೋವರ್. ಅಮ್ಮನಿಗೆ ಮಂಡಿನೋವು, ಸಮತಟ್ಟಾಗಿದ್ದರೆ ಒಂದೂವರೆ ಮೈಲಿ ನಡೀತಾರೆ. ಇಬ್ಬರೂ ಮೊಟ್ಟೆ ಕೂಡ ಮುಟ್ಟಲ್ಲ. ಯಾವುದು ಸರಿ?

ಕಣಿವೆದಾರಿ: ಯೋಚನೆನೇ ಬೇಡ, ಇಥಾಕಾ. ಐ-80, ಐ-380, ಐ-81 ಹೆದ್ದಾರಿ ಹಿಡಿದು ವಿಟ್ನಿ ಪಾಯಿಂಟ್‌ನಲ್ಲಿ ಇಳಿದು ರಸ್ತೆ 79ಕ್ಕೆ ತಿರುಗಿದರೆ ನಾಲ್ಕು ಗಂಟೆ ಚಿಲ್ಲರೆ. ಟಾಗನಾಕ್ ಜಲಪಾತ 215 ಅಡಿ, ನಯಾಗರಕ್ಕಿಂತ 33 ಅಡಿ ಎತ್ತರ. ಕೆಳಗಿನ ಕಣಿವೆ ದಾರಿ ಒಂದು ಕಡೆಗೆ ಮುಕ್ಕಾಲು ಮೈಲಿ, ಅಗಲ, ಹೆಚ್ಚುಕಡಿಮೆ ಸಮತಟ್ಟು. ಹೋಗಿ ಬಂದರೆ ನೀವು ಹೇಳಿದ ಒಂದೂವರೆ ಮೈಲಿನೇ. ಮರುದಿನ ವಾಟ್ಕಿನ್ಸ್ ಗ್ಲೆನ್ ಕಣಿವೆ.

ಬಿಳಿಬರ್ಚ್: ವಾಟ್ಕಿನ್ಸ್ ಗ್ಲೆನ್ ಹೆಸರು ತೆಗೀಬೇಡಿ ಸರ್. 832 ಕಲ್ಲು ಮೆಟ್ಟಿಲು, ಬಹಳ ಕಡೆ ನೀರು ತೊಟ್ಟಿಕ್ಕಿ ಜಾರುತ್ತೆ. ಅಮ್ಮನಿಗೆ ಮಂಡಿನೋವು ಅಂತ ಬರೆದಿದ್ದಾರಲ್ಲ.

ಕಣಿವೆದಾರಿ: ಮೇಲಿನ ದ್ವಾರದ ಹತ್ತಿರ ಕಾರಲ್ಲಿ ಬಿಟ್ಟರೆ ಬರೀ ಇಳಿಯೋದು ತಾನೆ?

ಬಿಳಿಬರ್ಚ್: ಇಳಿಯುವಾಗಲೇ ಮಂಡಿ ಮೇಲೆ ಭಾರ ಜಾಸ್ತಿ ಬೀಳೋದು. ಜೊತೆಗೆ ಅದು ಒಂದೂವರೆ ಮೈಲಿ ಉದ್ದದ ಕಿರಿದಾದ ದಾರಿ. ನಡುವೆ ಸಾಕಾಯ್ತು ಅಂದರೆ ಕಾರು ಅಲ್ಲಿಗೆ ಬರಲ್ಲ. ಇಥಾಕಾದ ಬಟರ್‌ಮಿಲ್ಕ್ ಪಾರ್ಕಿನ ಕಣಿವೆ ದಾರಿಯೂ ಮೆಟ್ಟಿಲಿನದೇ, ಆದರೆ ಅದರ ಬುಡದ ಜಲಪಾತ ಪಾರ್ಕಿಂಗ್ ಪಕ್ಕದಲ್ಲೇ ಕಾಣುತ್ತೆ. ಅಷ್ಟು ಸಾಕು.

ಈಗ ಹ್ಯಾನೋವರ್ ಪರವಾಗಿ ಹೇಳ್ತೀನಿ. ಊರ ನಡುವೆ ಗ್ರೀನ್ ಅನ್ನೋ ಹುಲ್ಲುಹಾಸು, ಸುತ್ತ ಕಾಲೇಜು, ಎಲ್ಲವೂ ಐದು ನಿಮಿಷದ ನಡಿಗೆ. ಬೇಕರ್ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಮೆಕ್ಸಿಕೋದ ಒರೊಸ್ಕೊ 1932ರಿಂದ 1934ರವರೆಗೆ ಬಿಡಿಸಿದ ಭಿತ್ತಿಚಿತ್ರಗಳಿವೆ. ಗೋಡೆ ತುಂಬ 24 ಭಾಗ: ಒಂದು ಕಡೆ ಕೆಟ್ಸಾಲ್‌ಕೋಟ್ಲ್ ದೇವರ ಆಗಮನ ಮತ್ತು ನಿರ್ಗಮನ, ಇನ್ನೊಂದು ಕಡೆ ಯುರೋಪಿನವರು ಬಂದ ಮೇಲಿನ ಅಮೆರಿಕ. ಪಂಡಿತರೇ ಸತ್ತ ಜ್ಞಾನಕ್ಕೆ ಹೆರಿಗೆ ಮಾಡಿಸುತ್ತಿರುವ ಚಿತ್ರವನ್ನು ಒಂದು ಕಾಲೇಜು ತನ್ನದೇ ಗೋಡೆ ಮೇಲೆ ಉಳಿಸಿಕೊಂಡಿರುವುದು ದೊಡ್ಡ ಮಾತು. ನೋಡಲು ದುಡ್ಡು ಕೊಡಬೇಕಾಗಿಲ್ಲ. ಕಾಲೇಜಿನ ಹುಡ್ ಕಲಾ ಮ್ಯೂಸಿಯಂ ಕೂಡ ಉಚಿತ. 165 ಅಡಿ ಆಳದ ಕ್ವೀಚಿ ಕಂದರ ರಸ್ತೆ 4ರ ಸೇತುವೆಯಿಂದಲೇ ಕಾಣುತ್ತೆ, ಒಂದು ಮೆಟ್ಟಿಲೂ ಇಳಿಯಬೇಕಿಲ್ಲ.

ನಕ್ಷೆಪ್ರಿಯೆ: ಊರು ಚೆನ್ನಾಗಿದೆ, ಒಪ್ಪಿದೆ. ಆದರೆ ಎಡಿಸನ್‌ನಿಂದ ಹ್ಯಾನೋವರ್‌ಗೆ ಐದು ಗಂಟೆಗೂ ಮೇಲೆ, ಐ-91ರಲ್ಲಿ ಶುಕ್ರವಾರ ಮಧ್ಯಾಹ್ನ ಹಾರ್ಟ್‌ಫರ್ಡ್ ದಾಟುವಷ್ಟರಲ್ಲಿ ಇನ್ನೊಂದು ಗಂಟೆ ಸೇರುತ್ತೆ. ಎರಡು ರಾತ್ರಿಯ ಪ್ರವಾಸಕ್ಕೆ ಅದು ಅತಿಯಾಯಿತು. ಬಾಸ್ಟನ್‌ನಲ್ಲಿರುವವರಿಗೆ ಹ್ಯಾನೋವರ್ ಬೇರೆ ಮಾತು: ಐ-93, ಐ-89, ಎರಡೂಕಾಲು ಗಂಟೆ. ಕಾರಿಲ್ಲದಿದ್ದರೆ ಲೋಗನ್ ವಿಮಾನ ನಿಲ್ದಾಣದಿಂದ ಡಾರ್ಟ್‌ಮತ್ ಕೋಚ್ ಬಸ್ಸೂ ಇದೆ.

ದೊಡ್ಡ ತೊಡಕು ಬೇರೆ. ಅಕ್ಟೋಬರ್ ಎರಡನೇ ಸೋಮವಾರ ಕೊಲಂಬಸ್ ದಿನ, ಅದೇ ಸೋಮವಾರ ಕೆನಡಾದವರಿಗೂ ರಜೆ. ಬಣ್ಣ ತಿರುಗಿದ ಎಲೆ ನೋಡೋಕೆ ಬರುವವರೆಲ್ಲ ಆ ಮೂರು ದಿನ ನ್ಯೂ ಹ್ಯಾಂಪ್‌ಷೈರ್, ವರ್ಮಾಂಟ್ ಕಡೆ ನುಗ್ಗುತ್ತಾರೆ. ಹ್ಯಾನೋವರ್‌ನಲ್ಲಿ ಹೋಟೆಲ್‌ಗಳೇ ಕಮ್ಮಿ. ಹತ್ತಿರದ ವೆಸ್ಟ್ ಲೆಬನನ್ ಅಥವಾ ವೈಟ್ ರಿವರ್ ಜಂಕ್ಷನ್‌ನಲ್ಲಿ ಉಳೀಬೇಕು. ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಮಾರಾಟ ತೆರಿಗೆ ಇಲ್ಲ ಅಂತ ಲೆಕ್ಕ ಹಾಕಬೇಡಿ, ರೂಮಿಗೂ ಊಟಕ್ಕೂ 8.5% ಬೀಳುತ್ತೆ.

ಬಿಳಿಬರ್ಚ್: ಆದರೆ ಆ ವಾರಾಂತ್ಯದಲ್ಲಿ ಹ್ಯಾನೋವರ್ ಸುತ್ತ ಮೇಪಲ್ ಮರಗಳು ಕೆಂಪಾಗಿರುತ್ತವೆ. ಇಥಾಕಾದಲ್ಲಿ ಇನ್ನೂ ಅರ್ಧ ಹಸಿರು.

ನಕ್ಷೆಪ್ರಿಯೆ: ಸರಿ, ಅದಕ್ಕೇ ಒಂದು ವಾರ ಮುಂದಕ್ಕೆ ಹಾಕಿ ಅನ್ನೋದು. ಇಥಾಕಾದ ಕಯೂಗಾ ಸರೋವರದ ನೀರು ನಿಧಾನವಾಗಿ ತಣ್ಣಗಾಗುತ್ತೆ, ದಡದ ಮರಗಳೂ ತಡವಾಗಿ ಬಣ್ಣ ತಿರುಗುತ್ತವೆ. ಮೂರನೇ ವಾರಾಂತ್ಯಕ್ಕೆ ಜನ ಕಮ್ಮಿ, ಬಣ್ಣ ಜಾಸ್ತಿ. ತುಂಬಾ ತಡ ಮಾಡಿದರೆ ಕಣಿವೆ ದಾರಿಗಳನ್ನು ಚಳಿಗಾಲಕ್ಕೆ ಮುಚ್ತಾರೆ; ಟಾಗನಾಕ್‌ನ ಕೆಳದಾರಿ ಮಾತ್ರ ವರ್ಷವಿಡೀ ತೆರೆದಿರುತ್ತೆ.

ಸಾರನ್ನ: ಕಣಿವೆದಾರಿಯವರು ಹೇಳದ ಒಂದು ಮಾತು: ಬೇಸಿಗೆ ಒಣಗಿದ್ದರೆ ಅಕ್ಟೋಬರ್‌ನಲ್ಲಿ ಟಾಗನಾಕ್ ಒಂದು ಎಳೆ ನೀರು ಅಷ್ಟೇ. ಏಪ್ರಿಲ್‌ನಲ್ಲಿ ಜೋಗಕ್ಕೆ ಹೋದ ಹಾಗೆ. ಹಿಂದಿನ ವಾರ ಮಳೆ ಬಂದಿದೆಯಾ ನೋಡಿಕೊಂಡು ಹೊರಡಿ. ನೀರಿಲ್ಲದಿದ್ದರೆ ಮೇಲಿನ ವೀಕ್ಷಣಾ ಸ್ಥಳದಿಂದ ಬಂಡೆ ನೋಡಿ ಕಾರ್ನೆಲ್‌ನ ಜಾನ್ಸನ್ ಕಲಾ ಮ್ಯೂಸಿಯಂಗೆ ಹೋಗಿ. ಐ.ಎಂ. ಪೇ ವಿನ್ಯಾಸದ ಕಟ್ಟಡ, 1973ರದು, ಪ್ರವೇಶ ಉಚಿತ, ಲಿಫ್ಟ್ ಇದೆ, ಐದನೇ ಮಹಡಿಯಿಂದ ಸರೋವರ ಕಾಣುತ್ತೆ. ಸೋಮವಾರ ರಜೆ. ಹತ್ತಿರದ ಮೆಕ್‌ಗ್ರಾ ಗಂಟೆ ಗೋಪುರಕ್ಕೆ 161 ಮೆಟ್ಟಿಲು; ಅಪ್ಪ ಬೇಕಾದರೆ ಹತ್ತಲಿ, ಅಮ್ಮ ಕೆಳಗೇ ಕೂತು ಗಂಟೆಗಳನ್ನು ಕೇಳಲಿ.

ಊಟದಲ್ಲಿ ಇಥಾಕಾ ಮುಂದೆ. ಮೂಸ್‌ವುಡ್ ರೆಸ್ಟೋರೆಂಟ್ 1973ರಿಂದ ಸಸ್ಯಾಹಾರಕ್ಕೇ ಹೆಸರಾದದ್ದು. ಶನಿವಾರ-ಭಾನುವಾರ ಸ್ಟೀಮ್‌ಬೋಟ್ ಲ್ಯಾಂಡಿಂಗ್‌ನ ರೈತರ ಸಂತೆ ಇರುತ್ತೆ. ಹತ್ತರೊಳಗೆ ಹೋಗದಿದ್ದರೆ ಪಾರ್ಕಿಂಗ್ ಸಿಗಲ್ಲ. ಎಲ್ಲಿಗೇ ಹೋಗಲಿ, ‘ವೆಜಿಟೇರಿಯನ್’ ಅಂದರೆ ಇಲ್ಲಿ ಮೊಟ್ಟೆ ಸೇರಿಯೇ. ‘ವೀಗನ್’ ಅಂತ ಕೇಳಿ, ಆಮೇಲೆ ಬೇಕಿದ್ದರೆ ಚೀಸ್ ಹಾಕಿಸಿಕೊಳ್ಳಿ. ತರಕಾರಿ ಸೂಪಿನಲ್ಲೂ ಕೋಳಿ ಬೇಯಿಸಿದ ನೀರು ಇರಬಹುದು, ವಿಚಾರಿಸಿಯೇ ತೊಗೊಳ್ಳಿ.

ಎಡಿಸನ್‌ವಾಸಿ: ದಿನಾಂಕ ಒಂದು ವಾರ ಮುಂದೂಡಬಹುದು. ಹಾಗಾದರೆ ಇಥಾಕಾ. ಎಲ್ಲಿ ಉಳಿಯೋದು?

ಕಣಿವೆದಾರಿ: ಊರೊಳಗೆ ದುಬಾರಿಯಾದರೆ ಕೋರ್ಟ್‌ಲ್ಯಾಂಡ್, ಐ-81ರ ಪಕ್ಕದಲ್ಲೇ, ಸುಮಾರು 20 ಮೈಲಿ. ವಾಟ್ಕಿನ್ಸ್ ಗ್ಲೆನ್ ಸಲಹೆ ವಾಪಸ್ ತೊಗೊಂಡೆ, ಬಿಳಿಬರ್ಚ್ ಅವರು ಹೇಳಿದ್ದೇ ಸರಿ. ಟಾಗನಾಕ್‌ಗೆ ಬೆಳಿಗ್ಗೆಯೇ ಹೋಗಿ. ಒಂದು ಪಾರ್ಕಿನಲ್ಲಿ ಕಾರಿಗೆ ಕಟ್ಟಿದ ಶುಲ್ಕದ ರಸೀದಿ ಅದೇ ದಿನ ಬಟರ್‌ಮಿಲ್ಕ್‌ನಲ್ಲೂ ನಡೆಯುತ್ತೆ, ಬಿಸಾಡಬೇಡಿ.

ಬಿಳಿಬರ್ಚ್: ಮುಂದಿನ ಸಲ ಬಾಸ್ಟನ್ ಕಡೆ ಬಂದರೆ ಒರೊಸ್ಕೊ ಚಿತ್ರಗಳನ್ನು ಅಪ್ಪ-ಅಮ್ಮನಿಗೆ ತೋರಿಸಲೇಬೇಕು, ಆ ಮಾತು ಬಿಡಲ್ಲ. ಇನ್ನೊಂದು ವಿಷಯ: ಕತ್ತಲಾದ ಮೇಲೆ ರಸ್ತೆ 79ರಲ್ಲಿ ವೇಗ ಬೇಡ. ಅಕ್ಟೋಬರ್-ನವೆಂಬರ್ ಜಿಂಕೆಗಳು ಬೆದೆಗೆ ಬರುವ ಕಾಲ. ಒಂದು ದಾಟಿತು ಅಂದರೆ ಹಿಂದೆ ಇನ್ನೊಂದು ಇದ್ದೇ ಇರುತ್ತೆ ಅಂದುಕೊಂಡು ಬ್ರೇಕ್ ಮೇಲೆ ಕಾಲಿಟ್ಟಿರಿ.