ಅಪ್‌ಡೇಟ್: ಪಲ್ಟಿ ಹೊಡೀತಿದ್ದ ರಾಕೆಟ್ ಈಗ ನೆಟ್ಟಗೆ ಹೋಯ್ತು!

ಮನೇಲೇ ಪೇಪರ್ ಸುತ್ತಿ ಮಾಡಿದ ಮಾಡೆಲ್ ರಾಕೆಟ್‌ಗೆ, ಹಾರಿಸೋ ಮುಂಚೆ ನೆಟ್ಟಗೆ ಹೋಗತ್ತಾ ಅಂತ ನೋಡೋಕೆ, ದಾರ ಕಟ್ಟಿ ತಿರುಗಿಸಿದ್ರೆ ಪಲ್ಟಿ ಹೊಡೀತಿದೆ ಅಂತ ಕೇಳಿದ್ನಲ್ಲ, ಅದರ ಅಪ್‌ಡೇಟ್ ಇದು. ತುಂಬಾ ಜನ ತೂಕ ಮುಂದಕ್ಕೆ ತನ್ನಿ ಅಂದ್ರಿ, ಸರಿ ಅಂತ ಮೂತಿ ಒಳಗೆ ಸ್ವಲ್ಪ ಸ್ವಲ್ಪಾನೇ ಕ್ಲೇ ಒತ್ತಿ, ಪ್ರತಿ ಸಲ ಮೋಟಾರ್ (ರಾಕೆಟ್ ಹಾರಿಸೋ ಮದ್ದಿನ ಕೊಳವೆ) ಹಾಕಿಟ್ಟೇ ಬೆರಳ ಮೇಲೆ ಬ್ಯಾಲೆನ್ಸ್ ನೋಡ್ದೆ, ಯಾಕಂದ್ರೆ ಭಾರದ ಕೇಂದ್ರ ಗಾಳಿ ಒತ್ತಡದ ಕೇಂದ್ರಕ್ಕಿಂತ (ಗಾಳಿಯ ತಳ್ಳುವಿಕೆ ಒಟ್ಟಾರೆ ಬೀಳೋ ಜಾಗ) ಕಡೇಪಕ್ಷ 1 ಟ್ಯೂಬ್ ವ್ಯಾಸದಷ್ಟು ಮುಂದೆ ಇರ್ಬೇಕು. ಈಗ ಮೂತಿ ಮುಂದಾಗೇ ಸುತ್ತತ್ತೆ.

ರಟ್ಟಿನ ರೆಕ್ಕೆ ತೆಗೆದು ಬಾಲ್ಸಾ ಅನ್ನೋ ಹಗುರ ಮರದ್ದು ಹಾಕ್ದೆ, ಮರದ ಎಳೆ ಮುಂದಿನ ಅಂಚಿಗೆ ಸಮಾನಾಂತರವಾಗಿ ಬರೋ ಹಾಗೆ ಕತ್ತರಿಸಿ. ಇದು ನಿಜವಾಗ್ಲೂ ಮುಖ್ಯ, ಎಳೆ ಅಡ್ಡ ಬಂದ್ರೆ ರೆಕ್ಕೆ ಬುಡದಲ್ಲೇ ಲಟಕ್ಕಂತ ಮುರಿಯತ್ತೆ. ಬುಡಕ್ಕೆ ವುಡ್ ಗ್ಲೂ ಹಚ್ಚಿ ಬೆರಳಲ್ಲಿ ಸವರಿ ಒಳಬಾಗಿನ ಅಂಚು ಮಾಡಿದೀನಿ, ಎಳೆದ್ರೂ ಅಲ್ಲಾಡಲ್ಲ.

ಮೋಟಾರೂ ಮನೇಲೇ ಮಾಡ್ಬಹುದಾ ಅಂದವರಿಗೆ, ದಯವಿಟ್ಟು ಬೇಡ, ಫ್ಯಾಕ್ಟರಿದೇ ತಗೊಳ್ಳಿ.

ಹಾರಿಸಿದ್ದು ಎಲೆಕ್ಟ್ರಿಕ್ ಇಗ್ನೈಟರಲ್ಲಿ (ಕರೆಂಟಿಂದ ಮೋಟಾರ್ ಹೊತ್ತಿಸೋ ತಂತಿ), 15 ಅಡಿ ದೂರ ನಿಂತು. ಪ್ಯಾರಾಶೂಟೂ ಬಿಚ್ಕೊಳ್ತು, ಎಷ್ಟ್ ಖುಷಿ ಆಯ್ತು ಗೊತ್ತಾ! ಎಲ್ರಿಗೂ ಥ್ಯಾಂಕ್ಸ್.